ಮೂರು ಸಲ ಸತ್ತ ಚಿಪ್

ಗಿಟಾರ್ ಆಂಪ್ಲಿಫೈಯರ್ ಮತ್ತೆ ಸತ್ತಿತ್ತು. ಹದಿನೈದು ದಿನದಲ್ಲಿ ಮೂರನೇ ಸಲ.

ಭಾವ ಅದನ್ನು ನನ್ನ ರಿಪೇರಿ ಮೇಜಿನ ಮೇಲೆ ದಡಕ್ಕನೆ ಇಟ್ಟರು. "ಭಾನುವಾರ ನನ್ನ ಕಾರ್ಯಕ್ರಮ. ನಿನ್ನ ಕೈಲಿ ಆಗುತ್ತೋ ಇಲ್ವೋ ಹೇಳಿಬಿಡು."

ಹಿಂದೆ ನಿಂತಿದ್ದ ಅಕ್ಕ, ಅಪ್ಪನ ಕೈಗುಣ ನಿನಗೆ ಬರಲಿಲ್ಲ ಎಂದಳು. ಇದೇ ಮಾತನ್ನು ನೆಂಟರ ಮನೆಗಳಲ್ಲೆಲ್ಲ ಆಡಿ ಬಂದಿದ್ದಳು. ಆ ವಾರ ಇಬ್ಬರು ಗಿರಾಕಿಗಳು ಕೊಟ್ಟ ರೇಡಿಯೋ ವಾಪಸ್ ಒಯ್ದಿದ್ದರು. ಅಪ್ಪ ಕಟ್ಟಿದ ಅಂಗಡಿ. ಹೀಗೇ ಹೋದರೆ ಬಾಗಿಲು ಹಾಕಬೇಕಿತ್ತು.

ಅವರು ಹೋದ ಮೇಲೆ ಹಿಂಬದಿ ಬಿಚ್ಚಿದೆ. ಹೆಣ ಅದೇ ಜಾಗದಲ್ಲಿತ್ತು. ಆಪ್ ಆಂಪ್ ಎಂಬ ಎಂಟು ಕಾಲಿನ ಕರಿ ಚಿಪ್. ಗಿಟಾರಿನ ಸಣ್ಣ ದನಿಯನ್ನು ಹಿಗ್ಗಿಸಿ ಕೊಡುವುದು ಅದರ ಕೆಲಸ. ಮೊದಲ ಸಲ ಮೂಲ ಚಿಪ್ಪೇ ಸತ್ತಿತ್ತು. ಆ ನಂಬರಿನದು ತಯಾರಾಗುವುದೇ ನಿಂತುಹೋಗಿದೆ. ಕಾಲುಗಳ ಕ್ರಮ, ತಡೆಯುವ ವೋಲ್ಟೇಜ್ ಎಲ್ಲ ಹೊಂದಿಸಿ ಬದಲಿ ಹುಡುಕುವಷ್ಟರಲ್ಲಿ ತಲೆ ಚಿಟ್ಟು ಹಿಡಿದಿತ್ತು. ಮತ್ತೆ ಮತ್ತೆ ಬೆಸೆದು ಬಿಚ್ಚುವ ಗೋಳು ಬೇಡವೆಂದು ಬೋರ್ಡಿಗೆ ಸಾಕೆಟ್ ಬೆಸೆದು, ಬದಲಿ ಚಿಪ್ಪನ್ನು ಅದರಲ್ಲಿ ಬರೀ ಒತ್ತಿ ಕೂರಿಸಿದ್ದೆ. ತೆಗೆದ ಹಳೆಯದನ್ನು ಪೊಟ್ಟಣ ಕಟ್ಟಿ ವಾಪಸ್ ಕೊಟ್ಟಿದ್ದೆ. ಗಿರಾಕಿಗೆ ನಂಬಿಕೆ ಬರಲೆಂದು ಅಪ್ಪನೂ ಹಾಗೇ ಮಾಡುತ್ತಿದ್ದರು. ಎರಡನೇ ಸಲವೂ ಇದೇ ಕಥೆ: ಇನ್ನೊಂದು ಬದಲಿ ಕೂರಿಸಿ, ಸತ್ತದ್ದನ್ನು ಕಟ್ಟಿಕೊಟ್ಟಿದ್ದೆ.

ಮೊದಲು ವೋಲ್ಟೇಜ್ ಮೇಲೆ ಅನುಮಾನ ಪಟ್ಟೆ. ಅಳೆದರೆ ಎಷ್ಟಿರಬೇಕೋ ಅಷ್ಟೇ ಇತ್ತು. ಇನ್ನುಳಿದವನು ಚಿಪ್ ಮಾರಿದವನು.

*

ಬಿಡಿಭಾಗದ ಅಂಗಡಿಯವನ ಮುಂದೆ ಚಿಪ್ಪನ್ನು ಎಸೆದು, ನಕಲಿ ಮಾಲು ಮಾರುತ್ತೀಯಾ ಎಂದು ಕೂಗಾಡಿದೆ. ಅದರ ಮೇಲಿನ ಅಚ್ಚು ಅಳಿಸಿಹೋಗಿತ್ತು. ಇನ್ನೇನು ಸಾಕ್ಷಿ ಬೇಕು? ಆತ ನಿಧಾನವಾಗಿ ಭೂತಗನ್ನಡಿ ಹಿಡಿದ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ಬೇಡಿ. ಸಾಕೆಟ್ಟಲ್ಲಿ ಕೂರಿಸಿದ್ದು ಅಂದ್ರಲ್ಲ?"

"ಹೌದು."

"ಹಾಗಾದ್ರೆ ಕಾಲಿಗೆ ಬೆಸುಗೆ ಯಾಕಿದೆ?"

ನೋಡಿದೆ. ಎಂಟೂ ಕಾಲಿಗೆ ಹಳೆಯ ಬೆಸುಗೆ ತೆಳ್ಳಗೆ ಅಂಟಿತ್ತು. ಹೋದ ಸಲ ಸಿಟ್ಟಿನಲ್ಲಿ ಕಿತ್ತದ್ದನ್ನು ನೋಡದೆಯೇ ಪೊಟ್ಟಣ ಕಟ್ಟಿದ್ದೆ. ನಾಚಿಕೆಯಾಗಿ ಆತನ ಕ್ಷಮೆ ಕೇಳಿದೆ.

*

ಅಕ್ಕನ ಮನೆಯಲ್ಲಿ ಭಾವ ನಮಗೆ ಬೆನ್ನು ಮಾಡಿ ಕೂತು ಗಿಟಾರಿಗೆ ತಂತಿ ಹಾಕುತ್ತಿದ್ದರು. ನಾನು ನೇರ ಅಡುಗೆಮನೆಗೆ ಹೋದೆ.

"ನಾನು ಹಾಕಿದ ಚಿಪ್ಪಿಗೆ ಬೆಸುಗೆ ಸೋಕೇ ಇಲ್ಲ. ಇದು ಮೊದಲು ಸತ್ತದ್ದು. ಪೊಟ್ಟಣ ಕೊಟ್ಟಿದ್ದು ನಿನ್ನ ಕೈಗೆ. ಯಾರೋ ಇದನ್ನೇ ತಿರುಗಿ ಸಾಕೆಟ್ಟಿಗೆ ಸರಿಯಾದ ದಿಕ್ಕಿಗೇ ಕೂರಿಸಿದ್ದಾರೆ. ಭಾವನಿಗೆ ಟಾರ್ಚಿಗೆ ಸೆಲ್ ಹಾಕೋಕೂ ಬರಲ್ಲ. ಅಪ್ಪನ ಮೇಜಲ್ಲಿ ಕೆಲಸ ಕಲಿತಿದ್ದು ನಾವಿಬ್ಬರೇ."

ಅಕ್ಕ ಉಪ್ಪಿನ ಡಬ್ಬಿಯ ಹಿಂದಿನಿಂದ ನನ್ನ ಎರಡೂ ಚಿಪ್ ತೆಗೆದು ಕೊಟ್ಟಳು. ಭಾವನ ಕಿವಿ ಹೋಗುತ್ತಿದೆಯಂತೆ. ಜೋರು ಸದ್ದು ಬಿಡದಿದ್ದರೆ ಉಳಿದಿರುವುದೂ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ. ಭಾವ ಚೀಟಿ ಹರಿದುಹಾಕಿ, ಯಾರಿಗೂ ಹೇಳಬೇಡವೆಂದು ಆಣೆ ಮಾಡಿಸಿಕೊಂಡಿದ್ದರು.

"ಅದಕ್ಕೆ ನನ್ನ ಮಾನ ಕಳೆದ್ಯಾ?"

"ನಿನ್ನ ಹೆಸರು ಮತ್ತೆ ಬರುತ್ತೆ. ಅವರ ಕಿವಿ ಬರಲ್ಲ ಕಣೇ."

ಮೈಯೆಲ್ಲ ಉರಿಯುತ್ತಿತ್ತು. ಬಾಗಿಲಲ್ಲಿ ನಿಂತು ಭಾವನನ್ನು ಕರೆದೆ. ಇನ್ನೊಮ್ಮೆ ಕರೆದೆ. ಮೂರನೇ ಸಲ ಕಿರುಚಿದೆ. ಕೊನೆಗೆ ಹೋಗಿ ಭುಜ ಮುಟ್ಟಿ, ಅಕ್ಕನ ಆಣೆ ಉಳಿಯಲೆಂದು, ಬದಲಿ ಚಿಪ್ ಎಲ್ಲೂ ಸಿಗುತ್ತಿಲ್ಲ ಎಂದು ಸುಳ್ಳು ಹೇಳಿದೆ. ಹಾಗಾದರೆ ಬೇರೆ ರಿಪೇರಿಯವರಿಗೆ ಕೊಡುತ್ತೇನೆ ಎಂದರು. ಸಾಕೆಟ್ ಇರುವಾಗ ಬೇರೆ ಯಾರಾದರೂ ಹತ್ತು ನಿಮಿಷದಲ್ಲಿ ಸರಿಮಾಡುತ್ತಾರೆ. ಸುಳ್ಳು ದಂಡವಾಯಿತು.

ಎರಡೂ ಚಿಪ್ಪನ್ನು ಅವರ ಅಂಗೈಯಲ್ಲಿಟ್ಟೆ.

"ಆಂಪ್ಲಿಫೈಯರ್ ಚೆನ್ನಾಗೇ ಇದೆ ಭಾವ. ಈಗ ಮೂರು ಸಲ ಕರೆದೆ. ಯಾಕೆ ತಿರುಗಲಿಲ್ಲ?"

ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಆಮೇಲೆ ಬಾಗಿಲಲ್ಲಿ ಅಳುತ್ತಿದ್ದ ಅಕ್ಕನನ್ನು ನೋಡಿದರು.

"ಯಾವಾಗ ಕರೆದೆ?"