ಪಕ್ಕದ ಖಾಲಿ ಸೀಟು

ಮೊದಲ ಸಲ ಅವನ ಭುಜಕ್ಕೆ ತಲೆಯಾನಿಸಿ ನಿದ್ದೆ ಹೋದಾಗ, ಅವನು ಯಾರೆಂದೇ ಅವಳಿಗೆ ಗೊತ್ತಿರಲಿಲ್ಲ!

ಎಚ್ಚರವಾದಾಗ ನಾಚಿಕೆಯಿಂದ ಹಿಡಿಯಷ್ಟಾಗಿದ್ದಳು. ಅವನೋ, ಜೋಮು ಹಿಡಿದ ತೋಳನ್ನು ಮೆಲ್ಲಗೆ ಉಜ್ಜಿಕೊಳ್ಳುತ್ತಾ, "ಇನ್ನೂ ಊರು ಬಂದಿಲ್ಲ, ಮಲಗಿ," ಅಂದಿದ್ದ ಅಷ್ಟೇ.

ಅವಳು ನರ್ಸು. ವಾರವಿಡೀ ವಾರ್ಡಿನಲ್ಲಿ ನಿಂತು ನಿಂತು, ರಜೆಯ ಹಿಂದಿನ ಸಂಜೆ ಕಾಯಿಲೆಯ ಅಮ್ಮನನ್ನು ನೋಡಿಕೊಳ್ಳಲು ಬಸ್ಸು ಹತ್ತುವವಳು. ಸ್ಲೀಪರಿನಲ್ಲಿ ಮಲಗಿದರೆ ತಲೆ ಸುತ್ತುತ್ತದೆಂದು ಸೀಟನ್ನೇ ಕೇಳಿ ಪಡೆಯುವವಳು. ಅವನು ಲಿಫ್ಟ್ ಮೆಕ್ಯಾನಿಕ್. ಒಮ್ಮೆ ಕೆಟ್ಟ ಲಿಫ್ಟಿನೊಳಗೆ ಅರ್ಧ ದಿನ ಸಿಕ್ಕಿಹಾಕಿಕೊಂಡಿದ್ದವನಿಗೆ, ಪರದೆ ಎಳೆದ ಬರ್ತ್ ಕಂಡರೇ ಉಸಿರು ಕಟ್ಟುತ್ತಿತ್ತು. ಹೀಗೆ ಮಲಗಲಾರದ ಇಬ್ಬರೂ ವಾರ ವಾರ ಅಕ್ಕಪಕ್ಕ ಕೂರತೊಡಗಿದ್ದರು.

ಈ ವಾರ ಅವಳು ಹತ್ತಿದಾಗ ಪಕ್ಕದ ಸೀಟು ಖಾಲಿ. ಅವನು ಮೇಲಿನ ಬರ್ತಿಗೆ ಹತ್ತುತ್ತಿದ್ದ! ಬೆನ್ನು ನೋವು, ಮಲಗಿ ಹೋಗುತ್ತೇನೆ ಎಂದೇನೋ ಅವಳ ಮುಖ ನೋಡದೆ ಗೊಣಗಿ, ಪರದೆ ಎಳೆದುಕೊಂಡ.

ಅವಳು ಆ ಪರದೆಯನ್ನೇ ನೋಡಿದಳು. 'ಆ ಪೆಟ್ಟಿಗೆಯಂಥ ಬರ್ತಾದರೂ ಆದೀತು, ನಾನು ಬೇಡವಾದೆನೇ? ನನ್ನ ತಲೆಯ ಭಾರ ಯಾರು ತಾನೇ ಎಷ್ಟು ದಿನ ಹೊರುತ್ತಾರೆ...'

ಅಳುವುದಕ್ಕೂ ತ್ರಾಣವಿರಲಿಲ್ಲ. ಆದರೂ ಈ ಹಾಳು ಆಸೆ ನೋಡಿ! ಇಳಿದು ಬಂದರೂ ಬಂದಾನೆಂದು ಚೀಲವನ್ನು ಮಡಿಲಲ್ಲೇ ಇಟ್ಟುಕೊಂಡು, ಊದಿದ ಕಾಲುಗಳನ್ನು ಮುದುರಿಕೊಂಡು, ಅವನ ಸೀಟನ್ನು ಕಾಯುತ್ತಾ ಕುಳಿತಳು. ನಿದ್ದೆ ಹತ್ತಿರವೂ ಸುಳಿಯಲಿಲ್ಲ.

ಬೆಳಗ್ಗೆ ಚಹಾಕ್ಕೆಂದು ಬಸ್ಸು ನಿಂತಿತು. ಎಲ್ಲರೂ ಇಳಿದ ಮೇಲೆ, ವಯಸ್ಸಾದ ಕ್ಲೀನರ್ ಅವಳನ್ನು ನೋಡಿ ಹಣೆ ಚಚ್ಚಿಕೊಂಡ. ಪಕ್ಕದ ಈ ಖಾಲಿ ಸೀಟಿಗೂ ಆ ಮೆಕ್ಯಾನಿಕ್ಕೇ ಟಿಕೆಟ್ ತಗೊಂಡಿದ್ದಾರೆ, ಯಾರನ್ನೂ ಕೂರಿಸಬೇಡಿ, ಆ ನರ್ಸಮ್ಮ ಕಾಲು ನೀಡಿಕೊಳ್ಳಲಿ ಅಂದಿದ್ದಾರೆ, ನೀವು ನೋಡಿದರೆ ಹೀಗೆ ಮುದುರಿ ಕೂತಿದ್ದೀರಲ್ಲಮ್ಮ ಎಂದು ಗದರಿದ.

ಅವಳು ಎದ್ದು ಪರದೆ ಸರಿಸಿದಳು. ಅವನು ಮೊಣಕಾಲಿಗೆ ಗದ್ದ ಊರಿ, ಬೆವರಿನಲ್ಲಿ ತೊಯ್ದು ಕೂತಿದ್ದ. ನಿದ್ದೆಗೆಟ್ಟ ಕಣ್ಣುಗಳು ಕೆಂಡವಾಗಿದ್ದವು.

"ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?"

"ಹೇಳಿದ್ರೆ ನೀವು ಒಪ್ತಿದ್ರಾ? ಒಂದು ದಿನ ಕಾಲು ನೀಡಿದ್ರೆ ಸಾಕಪ್ಪ ಅಂತ ಹೋದ ವಾರ ಅಮ್ಮನ ಹತ್ರ ಫೋನಲ್ಲಿ ಅಂತಿದ್ರಿ. ಬೇರೆ ಸೀಟು ಉಳಿದಿರಲಿಲ್ಲ, ಅದಕ್ಕೇ ಮೇಲೆ ಹತ್ತಿದೆ... ನೀವು ಮಲಗಲಿಲ್ವಾ?"

"ನಿಮ್ಮ ಜಾಗ ಕಾಯ್ತಾ ಕೂತಿದ್ದೆ!" ಅವಳು ಪರದೆಯನ್ನು ಪೂರ್ತಿ ಸರಿಸಿದಳು. "ಇಳೀರಿ ಕೆಳಗೆ. ನನ್ನ ಪಕ್ಕದ ಜಾಗ ಇನ್ನು ಯಾವತ್ತೂ ಖಾಲಿ ಬಿಡಬೇಡಿ."

"ಯಾವತ್ತೂ ಅಂದ್ರೆ..."

"ಬಸ್ಸಲ್ಲಿ ಮಾತ್ರ ಅಲ್ಲ ರೀ. ಮನೇಲೂ."

ಅವನು ಇಳಿದು ಬಂದು ಪಕ್ಕದಲ್ಲಿ ಕುಳಿತ. ಬಸ್ಸು ಹೊರಟಿತು. ಈ ಸಲ ವಾಲಿದ್ದು ಅವನ ತಲೆ.

"ಭಾರ ಆಯ್ತಾ?" ನಿದ್ದೆಗಣ್ಣಲ್ಲೇ ಕೇಳಿದ.

ಅವಳು ಭುಜವನ್ನು ಇನ್ನಷ್ಟು ಹತ್ತಿರ ಸರಿಸಿದಳು.

"ಇನ್ನೂ ಊರು ಬಂದಿಲ್ಲ, ಮಲಗಿ."