ಒಂಬತ್ತನೆಯ ಬೋಲ್ಟ್

ಕಟ್ಟೆಂದು ಸದ್ದಾಯಿತು. ಸ್ಪ್ಯಾನರ್ ಕೈಯಲ್ಲಿ ಹಗುರಾಯಿತು. ವಾಣಿಶ್ರೀ ಬಗ್ಗಿ ನೋಡಿದಳು. ಎಂಟು ಬೋಲ್ಟುಗಳು ಸಲೀಸಾಗಿ ಬಂದಿದ್ದವು. ಒಂಬತ್ತನೆಯದು ತಲೆ ಮುರಿದುಕೊಂಡು ಇಂಜಿನ್ನಿನೊಳಗೇ ಉಳಿದಿತ್ತು.

ಶ್ರೀನಿವಾಸಪುರದ ಮಾವಿನ ಮಂಡಿಯ ಹಿಂದಿದ್ದ ಅಪ್ಪನ ಗ್ಯಾರೇಜನ್ನು ಆರು ವರ್ಷದಿಂದ ಅವಳೇ ನಡೆಸುತ್ತಿದ್ದಳು. ಟ್ರ್ಯಾಕ್ಟರು, ಟೆಂಪೋ ಅಂದರೆ ಕಣ್ಣುಮುಚ್ಚಿ ಬಿಚ್ಚುವವಳು. ಇದು ಹಾಗಲ್ಲ, ಮೂವತ್ತೈದು ವರ್ಷ ಹಳೆಯ, ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು. ಇಂಜಿನ್ನಿನ ಮೇಲ್ಮುಚ್ಚಳದಂತಿರುವ ಹೆಡ್‌ನ ಅಡಿಯ ಗ್ಯಾಸ್ಕೆಟ್ ಹೋಗಿ, ನೀರು ಸೇರಿದ ಆಯಿಲ್ ಹಾಲು ಹೆಚ್ಚಾದ ಕಾಫಿಯಂತಾಗಿತ್ತು.

ಅದನ್ನು ತಂದವನು ಸುಗಟೂರಿನ ಗಂಗಾಧರ್, ಹೈಸ್ಕೂಲಿನ ಗಣಿತದ ಮೇಷ್ಟ್ರು. ಕಾರು ಅವನ ಅಣ್ಣ ಶಿವಕುಮಾರನದು. ಅಣ್ಣ ತೀರಿಕೊಂಡು ಮೂರು ವರ್ಷವಾಗಿತ್ತು. ಆ ಕಾರಿನ ಸದ್ದು ಇನ್ನೊಮ್ಮೆ ಕಿವಿಗೆ ಬೀಳಬೇಕೆಂದು ತಾಯಿ ಅಶ್ವತ್ಥಮ್ಮ ಆಸೆಪಟ್ಟಿದ್ದಳಂತೆ.

ಶಾಲೆ ಬಿಟ್ಟ ಮೇಲೆ ಅವನು ದಿನವೂ ಬಂದು ಮೂಲೆಯ ಸ್ಟೂಲಿನಲ್ಲಿ ಕೂರುತ್ತಿದ್ದ. ಅವಳ ಕೆನ್ನೆಗೆ ಗ್ರೀಸ್ ಮೆತ್ತಿಕೊಂಡರೆ ಹೇಳದೆ, ತುಟಿಯಂಚಿನಲ್ಲೇ ನಗುತ್ತಿದ್ದ. ಅವಳು ದುರುಗುಟ್ಟಿದರೆ ಆ ನೋಟ ಸರಕ್ಕನೆ ಗೋಡೆಯ ಕ್ಯಾಲೆಂಡರಿಗೆ ಹಾರುತ್ತಿತ್ತು. ಏಕಾದಶಿ ಯಾವತ್ತು ಎಂದು ಅವಳು ಕೇಳಿದರೆ ಕಿವಿಯವರೆಗೂ ಕೆಂಪಾಗುತ್ತಿದ್ದ.

ಈಗ ಬೋಲ್ಟ್ ತೆಗೆಯುವಾಗ ಇಂಜಿನ್ ಬ್ಲಾಕೇ ಬಿರುಕುಬಿಟ್ಟರೆ ಅಂಥದ್ದು ಇನ್ನೊಂದು ಸಿಗುವುದಿಲ್ಲ. ಸತ್ತವನ ಕಾರನ್ನು ತಾನೇ ಕೊಂದಂತಾಗುತ್ತದೆ. ನಾಳೆಯಿಂದ ಆ ಸ್ಟೂಲು ಖಾಲಿ. ಅವಳನ್ನು ಹೆಚ್ಚು ಹೆದರಿಸಿದ್ದು ಇದೇ. ಎರಡು ದಿನ ಮುಚ್ಚಿಡೋಣವೆನಿಸಿತು. ಆದರೆ ಅವನು ಬಂದಾಗ ಮುಖ ನೋಡಿ ಸುಳ್ಳು ಹೇಳಲಾಗಲಿಲ್ಲ.

“ಸಾರ್, ನಿಮ್ಮಣ್ಣನ ಕಾರು ಕೆಡಿಸಿಬಿಟ್ಟೆ.”

ಅವನು ಬಗ್ಗಿ ಮುರಿದ ಬೋಲ್ಟನ್ನು ನೋಡಿದ.

“ಕಾರು ನೋಡೋಕೆ ಅಂತ ಬರೋದು ಬಿಟ್ಟು ತುಂಬಾ ದಿನ ಆಯ್ತು ಮೇಡಂ,” ಎಂದ ಮೆಲ್ಲಗೆ. “ನಿಮಗೆ ಗೊತ್ತಾಗ್ಲಿಲ್ವಾ?”

ಅವಳು ನೆಲ ನೋಡಿದಳು. “ಈಗ ಅದೆಲ್ಲ ಹೇಳ್ಬೇಡಿ. ಕೈ ನಡುಗ್ತದೆ.”

ಅವನು ಬ್ಯಾಗು ಕೆಳಗಿಟ್ಟು ಶರ್ಟಿನ ತೋಳು ಮಡಚಿದ.

ಹೆಡ್ ಎತ್ತಿಟ್ಟು, ಮುರಿದ ತುಂಡಿನ ಮೇಲೆ ನಟ್ಟೊಂದನ್ನು ವೆಲ್ಡ್ ಮಾಡಿ, ಕಾವು ಇಳಿಯುವ ತನಕ ಇಬ್ಬರೂ ಕಾದರು. ಅವಳು ಸ್ಪ್ಯಾನರನ್ನು ಕೂದಲೆಳೆಯಷ್ಟು ತಿರುಗಿಸಿದಳು. ಕಿರ್ರೆಂದಿತು. ಇನ್ನಷ್ಟು. ಕೊನೆಗೆ ತುಂಡು ಮೆಲ್ಲಗೆ ಮೇಲೆ ಬಂದಾಗ ಅವಳ ಕಣ್ಣು ತುಂಬಿ ಬಂತು.

ಹೆಡ್ಡನ್ನು ಕೋಲಾರಕ್ಕೆ ಕಳಿಸಿ ಮಟ್ಟ ಮಾಡಿಸಿದರು. ಹೊಸ ಗ್ಯಾಸ್ಕೆಟ್ ಕೂರಿಸಿ, ಹೊಸ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ ಮೂರು ಸುತ್ತಿನಲ್ಲಿ ಅವಳು ಬಿಗಿದಳು. ಅವನು ಪಾಠ ಒಪ್ಪಿಸುವವನಂತೆ ಎಣಿಸಿದ.

ಶನಿವಾರ ಮಧ್ಯಾಹ್ನ ಅವನು ಸ್ಟಾರ್ಟ್ ಮಾಡಿದ. ಇಂಜಿನ್ ಕೆಮ್ಮಿ ಎದ್ದಿತು. ಆದರೆ ಹಿಂದಿನಿಂದ ಬಿಳಿ ಹೊಗೆ. ಕಾರಿನ ಬಾಗಿಲ ಬಳಿ, ಅವನ ಪಕ್ಕದಲ್ಲೇ ನಿಂತಿದ್ದ ವಾಣಿಶ್ರೀ ಹೊಗೆಯತ್ತ ತಿರುಗಿದಳು. ಹೊಗೆಪೈಪಿನಲ್ಲಿ ಉಳಿದ ನೀರು ಆವಿಯಾಗುತ್ತಿರಬಹುದು. ಇಲ್ಲವೇ ಇಂಜಿನ್ನಿನೊಳಕ್ಕೆ ನೀರು ಇನ್ನೂ ಸೋರುತ್ತಿದ್ದು, ಎಲ್ಲವೂ ವ್ಯರ್ಥವಾಗಿರಬಹುದು. ಎಷ್ಟೋ ಹೊತ್ತಿನ ಮೇಲೆ ಹೊಗೆ ತೆಳುವಾಯಿತು, ಆಮೇಲೆ ಇಲ್ಲವಾಯಿತು. ತಾನು ಅವನ ಭುಜ ಹಿಡಿದಿರುವುದು ಆಗಷ್ಟೇ ಅವಳ ಗಮನಕ್ಕೆ ಬಂತು. ಬಿಡಲಿಲ್ಲ.

“ಈಗಾದ್ರೂ ಏನಾದ್ರೂ ಹೇಳ್ತೀರಾ?” ಎಂದ ಅವನು.

“ಭಯ ಆಗ್ತದೆ.”

“ನನಗೂ. ನೀವು ಬೇಡ ಅಂದ್ರೆ ನಾಳೆಯಿಂದ ಇಲ್ಲಿಗೆ ಬರೋಕೆ ನೆಪವೇ ಇಲ್ಲ.”

ಅವಳು ಕೈ ಒರೆಸಿಕೊಂಡು, ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತಳು. “ನಡೀರಿ. ನಿಮ್ಮಮ್ಮನ ಮುಂದೆ ಹೇಳ್ತೀನಿ.”

ಅವನು ಗಾಬರಿಯಲ್ಲಿ ಗೇರ್ ಹಾಕಿದ. ಕಾರು ಹಿಂದಕ್ಕೆ ಹೊರಟಿತು. ವಾಣಿಶ್ರೀ ನಗುತ್ತ, ಅವನ ಕೈಯ ಮೇಲೆ ಕೈಯಿಟ್ಟು ಗೇರನ್ನು ಮುಂದಕ್ಕೆ ತಳ್ಳಿದಳು.