ತಂಬಿಗೆಯ ಓಲೆ

ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ಪೀರನವಾಡಿಯ ಆಕಾಶ ಅಂಗಿಗೆ ರಕ್ತ ಮೆತ್ತಿಕೊಂಡೇ ಠಾಣೆಗೆ ಓಡಿಬಂದ. ಅವನ ಅಣ್ಣ ರೋಹನನನ್ನು ಯಾರೋ ಮನೆಯೊಳಗೇ ಕಡಿದು ಹಾಕಿದ್ದರು. ಇನ್ಸ್‌ಪೆಕ್ಟರ್ ಬಸವಪ್ರಸಾದ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಪದ್ಮಶ್ರೀಯೊಂದಿಗೆ ಜೀಪು ಹತ್ತಿದ.

ಹೊಸ ಸೋಫಾದಲ್ಲಿ ಕೂತಿದ್ದವನ ಕುತ್ತಿಗೆಗೆ ಹಿಂದಿನಿಂದ ಕುಡಗೋಲಿನ ಏಟು ಬಿದ್ದಿತ್ತು. ಒಂದಲ್ಲ, ನಾಲ್ಕು. ಬಾಗಿಲು ಮುರಿದಿರಲಿಲ್ಲ. ಎದುರಿಗೆ ಯಾರಿಗೋ ಕೊಟ್ಟ ಚಹಾ ಮುಟ್ಟದೆ ಆರಿತ್ತು. ಪಂಚನಾಮೆಯ ವೇಳೆ ಹೆಣದ ಬಾಯಿಂದ ಸ್ಟೀಲಿನ ಓಲೆಯೊಂದು ಸಿಕ್ಕಿತು. ಮುಂದಿನ ಹಲ್ಲು ಮುರಿಯುವಷ್ಟು ಜೋರಾಗಿ ತುರುಕಿದ್ದರು. ಮದುವೆಯ ಪಾತ್ರೆಗಳ ಮೇಲೆ ಕೊರೆಸುವಂತೆ ಅದರಲ್ಲಿ ಚುಕ್ಕಿ ಅಕ್ಷರಗಳಿದ್ದವು: ‘ನಿಖಿ’.

“ನಮ್ಮ ವೈನಿ, ಅಣ್ಣನ ಹೆಂಡ್ತಿ ಹೆಸರ್ರೀ, ನಿಖಿತಾ,” ಎಂದ ಆಕಾಶ. “ಹೋದ ವರ್ಷ ಹೆರಿಗಿಯಾಗ ತೀರಿಕೊಂಡ್ರು. ಮುಂದಿನ ವಾರ ಅಣ್ಣಂದು ಎರಡನೇ ಮದವಿ ಇತ್ತು.”

“ಓಲಿ ಅವರದ ಏನು?”

“ಅಲ್ರೀ. ನಾ ನೋಡೇ ಇಲ್ಲ.”

ಅಂಥ ಓಲೆಗಳನ್ನು ಪದ್ಮಶ್ರೀ ನೋಡಿದ್ದಳು. ಕ್ಯಾಂಪ್ ಬಡಾವಣೆಯ ಕಲಾವಿದೆ ಬ್ರಾಹ್ಮಿ ಚಮಚ, ಕೀಲಿ, ಕುಕ್ಕರ್ ಸೀಟಿಗಳಿಂದ ಒಡವೆ ಮಾಡುತ್ತಿದ್ದಳು. ಇಬ್ಬರೂ ಅಲ್ಲಿಗೆ ಹೋದರು.

“ಇದು ಪೀರನವಾಡಿ ರೋಹನ ಅವರ ಮನಿ ತಂಬಿಗಿರೀ,” ಎಂದಳು ಬ್ರಾಹ್ಮಿ. “ನಾನ ಕೊಯ್ದು ಮಾಡೀನಿ.”

“ಯಾರು ಒಯ್ದ್ರು?”

“ಖಾನಾಪುರ ಸಂತ್ಯಾಗ ಒಬ್ರು ಅಜ್ಜಿ. ಕೈಯಾಗ ಹಿಡಕೊಂಡು ಭಾಳ ಹೊತ್ತು ನಿಂತ್ರು. ಎಲ್ಲಿಂದ ತಂದಿ ಅಂದ್ರು. ಹೊಸ ಹೆಂಡ್ತಿ ಬರ್ತಾಳಂತ ಹಳೇ ಬಾಂಡೆ-ಪಾತ್ರಿ ಎಲ್ಲಾ ನನಗ ಮಾರಿದ್ರು ಅಂತ ಇದ್ದದ್ದು ಹೇಳಿದೆ.”

ಆ ಅಜ್ಜಿ ಯಾರೆಂದು, ಪಾಪ, ಅವಳಿಗೇನು ಗೊತ್ತು.

ನಿಖಿತಾಳ ತಾಯಿ ಕಾಶವ್ವನ ಮನೆ ಖಾನಾಪುರದಲ್ಲೇ ಇತ್ತು. ಪೊಲೀಸರು ಹೋದಾಗ ಅವಳು ಕಟ್ಟೆಯ ಮೇಲೆ ಕೂತಿದ್ದಳು. ಬಾಜೂಕೆ ತೊಳೆದಿಟ್ಟ ಕುಡಗೋಲು. ಒಂದು ಕಿವಿ ಬೋಳು, ಇನ್ನೊಂದರಲ್ಲಿ ಓಲೆ: ‘ತಾ’.

“ಅಳಿಯನ್ನ ಕಡದವರು ನೀವ ಏನು?” ಎಂದ ಬಸವಪ್ರಸಾದ.

“ಹೌದ್ರಿ.”

“ಬಾಂಡೆ ಮಾರಿದಾ ಅಂತ?”

“ಮಗಳು ಸತ್ತರ ಬಾಂಡೆ ತವರಿಗೆ ಬರ್ತಾವ್ರಿ. ಒಯ್ಯಾಕ ಹೋದಾಗ ಕಾಲು ಹಿಡಕೊಂಡು ಅತ್ತ. ನೆನಪಿಗೆ ಇರಲಿ ಅತ್ತಿ, ದಿನಾ ಅಕಿ ತಂಬಿಗ್ಯಾಗ ನೀರು ಕುಡೀತೀನಿ ಅಂದ. ಖರೇ ಅಂತ ಬಿಟ್ಟು ಬಂದೆ.” ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಇವತ್ತು ಹೋಗಿ, ಆ ತಂಬಿಗ್ಯಾಗ ನನಗೂ ನೀರು ಕೊಡಪಾ ಅಂದೆ. ಜ್ವಾಕಿ ಮಾಡಿ ಕಪಾಟಿನ್ಯಾಗ ಇಟ್ಟೀನಿ ಅತ್ತಿ ಅಂದ. ಅದು ನನ್ನ ಕಿವ್ಯಾಗ ಇತ್ತು ಸಾಹೇಬ್ರ.”

ಬಸವಪ್ರಸಾದನಿಗೆ ಸತ್ತವನ ಮೇಲೇ ಸಿಟ್ಟು ಬಂತು. ಆದರೂ ಅವಳನ್ನು ದಸ್ತಗಿರಿ ಮಾಡಿದ.

ಓಲೆ ಬಿಚ್ಚಲು ಪದ್ಮಶ್ರೀ ಕೈ ಚಾಚಿದಾಗ ಕಾಶವ್ವ ಅವಳನ್ನು ದೂಡಿ, ತಾನೇ ಜಗ್ಗಿದಳು. ಕಿವಿ ಹರಿದು ರಕ್ತ ಕುಪ್ಪಸಕ್ಕಿಳಿಯಿತು. ಅದನ್ನು ಅವಳು ಒರೆಸಿಕೊಳ್ಳಲಿಲ್ಲ.

ಬಸವಪ್ರಸಾದ ಜಪ್ತಿ ಪಂಚನಾಮೆಯಲ್ಲಿ ‘ಸ್ಟೀಲಿನ ಓಲೆ, ಒಂದು’ ಎಂದು ಬರೆದ.

“ಹೆಸರು ಬರೀರಿ.”

“ನಿಮ್ಮ ಹೆಸರು ಬರದೀನಿ.”

“ನಂದಲ್ರೀ. ಅಕೀದು. ಪೂರಾ ಬರೀರಿ.”

ಅವನು ಓಲೆಯ ಪಕ್ಕದಲ್ಲಿ ‘ನಿಖಿತಾ’ ಎಂದು ಬರೆದು, ಅವಳಿಗೆ ಓದಿ ಹೇಳಿದ.